ಇತಿಹಾಸ, ಭಾಗ 4: ಇಳಿತ ನೋಡಿ ಇಟ್ಟ ಮುಹೂರ್ತ

ಫ್ರೆಂಡ್ಸ್, ಒಂದು ಮಹಾಯುದ್ಧದ ದಾಳಿಗೆ ಸಮುದ್ರದ ಇಳಿತ ನೋಡಿ ದಿನ ಗೊತ್ತುಮಾಡಿದ್ರು ಅಂದ್ರೆ ನಂಬ್ತೀರಾ?

1944, ಫ್ರಾನ್ಸ್‌ನ ನಾರ್ಮಂಡಿ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಸುಮಾರು 6 ಮೀಟರ್ ವ್ಯತ್ಯಾಸ. ಶತ್ರು ಉಬ್ಬರದಲ್ಲೇ ಬರ್ತಾನೆ ಅಂದ್ಕೊಂಡ ಜರ್ಮನ್ ಸೇನಾನಿ ರೊಮ್ಮೆಲ್, ದಡದ ತುಂಬ ಕಬ್ಬಿಣದ ತಡೆ, ಸಿಡಿಮದ್ದು ಕಟ್ಟಿದ ಕಂಬ ನೆಡಿಸಿದ್ದ. ಉಬ್ಬರದಲ್ಲಿ ಅವು ಮುಳುಗಿ ಕಾಣೋದೇ ಇಲ್ಲ.

ಹಾಗಾಗಿ ಮಿತ್ರಪಡೆಗಳಿಗೆ ಬೇಕಿದ್ದದ್ದು ಬೆಳಕು ಹರಿದ ಕೂಡಲೇ ಇಳಿತ ಮುಗಿದು ನೀರು ಏರೋಕೆ ಶುರುವಾಗೋ ಹೊತ್ತು. ತಡೆಗಳೂ ಕಾಣಬೇಕು, ಸೈನಿಕರನ್ನ ಇಳಿಸಿದ ದೋಣಿಗಳೂ ಮರಳಲ್ಲಿ ಸಿಕ್ಕಿಕೊಳ್ಳಬಾರದು.

ಲೆಕ್ಕ ಹಾಕಿದ್ದು ಲಿವರ್‌ಪೂಲ್ ಹತ್ತಿರದ ಬಿಡ್‌ಸ್ಟನ್ ವೀಕ್ಷಣಾಲಯದ ಆರ್ಥರ್ ಡೂಡ್ಸನ್. ಈಗಿನ ಕಂಪ್ಯೂಟರ್ ಅಲ್ಲ, ರಾಟೆ-ಚಕ್ರಗಳ ಯಂತ್ರ. ಚಂದ್ರ-ಸೂರ್ಯರ ಸೆಳೆತದ ಒಂದೊಂದು ಲಯಕ್ಕೆ ಒಂದೊಂದು ರಾಟೆ. ಎಲ್ಲ ಕೂಡಿದ್ರೆ ನೀರಿನ ಮಟ್ಟ. ಯಾವ ಊರ ದಡ ಅಂತ ಅವರಿಗೂ ಹೇಳಿರಲಿಲ್ಲ. ಹೆಸರು ಬರೀ 'ಪೊಸಿಷನ್ ಝಡ್'.

ಹೊಂದಿ ಬಂದದ್ದು ಜೂನ್ 5, 6, 7. ಹವಾಮಾನ ಕೆಟ್ಟು 5 ತಪ್ಪಿತು. 6ಕ್ಕೆ, ಹುಣ್ಣಿಮೆಯ ದಿನ, ದಾಳಿ. ಅಲ್ಲಿ ಉಬ್ಬರ ಪಶ್ಚಿಮದಿಂದ ಬರುತ್ತೆ. ಅದಕ್ಕೇ ಪಶ್ಚಿಮದ ದಡಗಳಲ್ಲಿ 6:30ಕ್ಕೆ, ಪೂರ್ವದಲ್ಲಿ ಸುಮಾರು ಒಂದು ಗಂಟೆ ಬಿಟ್ಟು ಇಳಿದ್ರು.

ಆದ್ರೂ ಓಮಾಹಾ ದಡದಲ್ಲಿ ತಡೆಗಳನ್ನ ಪೂರ್ತಿ ಕೀಳೋ ಮೊದಲೇ ನೀರು ಏರಿತು. ಗಾಯಗೊಂಡು ಮರಳಲ್ಲಿ ಬಿದ್ದಿದ್ದ ಕೆಲವರು ಅಲ್ಲೇ ಮುಳುಗಿದ್ರು. ಆ ದಿನ ದಡ ಹತ್ತಿದವರಲ್ಲಿ ಎಷ್ಟೋ ಜನಕ್ಕೆ ಹೆಚ್ಚುಕಮ್ಮಿ ನಮ್ಮದೇ ವಯಸ್ಸು.

#ಇತಿಹಾಸ #ಉಬ್ಬರಇಳಿತ #ನಾರ್ಮಂಡಿ