ಗೋಡೆ ಕಟ್ಟಿದಾತ, ಕಳೆ ಬಿತ್ತಿದಾಕೆ

ಹಿತ್ತಲನ್ನು ಹಾಗೇ ಬೆಳೆಯಲು ಬಿಟ್ಟರೆ ನಮ್ಮ ಕಡೆ ಅದಕ್ಕೆ ಒಂದೇ ಹೆಸರು, ಸೋಮಾರಿತನ. "ಏನ್ರೀ, ಹಿತ್ತಲೆಲ್ಲಾ ಕಾಡಾಗಿದೆಯಲ್ಲಾ, ಹಾವು-ಗೀವು ಸೇರ್ಕೊಂಡಾವು" ಅಂತ ಪಕ್ಕದ ಮನೆಯವರು ಒಮ್ಮೆಯಾದರೂ ಅಂದೇ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಈಗೀಗ ಇದು ಉಲ್ಟಾ ಆಗಿದೆ. ಅಲ್ಲಿನ ಪ್ಲಾಂಟ್‌ಲೈಫ್ ಅನ್ನುವ ಸಂಸ್ಥೆ 2019ರಲ್ಲಿ, ಮೇ ತಿಂಗಳು ಪೂರ್ತಿ ಲಾನ್ ಕತ್ತರಿಸಬೇಡಿ ಅಂತ ಜನರಿಗೆ ಹೇಳಲು ಶುರು ಮಾಡಿತು. 2022ರ ಚೆಲ್ಸಿ ಫ್ಲವರ್ ಶೋನಲ್ಲಿ ಮೊದಲ ಸ್ಥಾನ ಬಂದಿದ್ದು ಸಾಲಾಗಿ ಗುಲಾಬಿ ನೆಟ್ಟ ತೋಟಕ್ಕಲ್ಲ, ಬೀವರ್ ಪ್ರಾಣಿ ಕಟ್ಟಿದ ಒಡ್ಡಿನ ಹಾಗೆ ಕಡ್ಡಿ-ಕಸ ಪೇರಿಸಿದ್ದ ಒಂದು ಕಾಡುಕಾಡು ತೋಟಕ್ಕೆ!

ಇದು ಇತ್ತೀಚಿನ ಶೋಕಿ ಅಂತ ಮೇಲುನೋಟಕ್ಕೆ ಅನ್ನಿಸುತ್ತೆ. ಅಲ್ಲ, ಇದರ ಹಿಂದೆ ಇನ್ನೂರು ವರ್ಷದ ಕಥೆ ಇದೆ. ಆ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ ಸಂಗತಿ ಏನೆಂದರೆ, "ಹಾಗೇ ಬಿಟ್ಟವರು" ಅನ್ನಿಸಿಕೊಂಡವರಲ್ಲಿ ಒಬ್ಬರೂ ಸುಮ್ಮನೆ ಕೂತವರಲ್ಲ.

ಚಾರ್ಲ್ಸ್ ವಾಟರ್ಟನ್‌ನಿಂದ ಶುರು ಮಾಡೋಣ. ಹುಟ್ಟಿದ್ದು 1782ರಲ್ಲಿ, ಯಾರ್ಕ್‌ಶೈರಿನ ವೇಕ್‌ಫೀಲ್ಡ್ ಹತ್ತಿರದ ವಾಲ್ಟನ್ ಹಾಲ್ ಅನ್ನುವ ಬಂಗಲೆಯಲ್ಲಿ. ಹಳೇ ಕ್ಯಾಥೊಲಿಕ್ ಜಮೀನ್ದಾರರ ಮನೆತನ. 1804ರಲ್ಲಿ ದಕ್ಷಿಣ ಅಮೆರಿಕದ ಗಯಾನಾಕ್ಕೆ ಹೋಗಿ ಚಿಕ್ಕಪ್ಪನ ತೋಟಗಳನ್ನು ನೋಡಿಕೊಂಡ. ಅವು ಗುಲಾಮರಿಂದ ದುಡಿಸುತ್ತಿದ್ದ ತೋಟಗಳು, ಇದನ್ನು ಮರೆಮಾಚಿ ಈತನ ಕಥೆ ಹೇಳಬಾರದು. ಅಲ್ಲಿನ ಕಾಡುಗಳಲ್ಲಿ ಅಲೆದು ಬರೆದ ಪುಸ್ತಕದಿಂದ ಹೆಸರಾದ. ಅಲ್ಲೇ ಜಾನ್ ಎಡ್ಮನ್‌ಸ್ಟನ್ ಅನ್ನುವ ಗುಲಾಮನಿಗೆ ಸತ್ತ ಹಕ್ಕಿಗಳ ಚರ್ಮ ಸುಲಿದು ಹದ ಮಾಡಿ ಕಾಪಾಡುವ ವಿದ್ಯೆ ಹೇಳಿಕೊಟ್ಟ. ಮುಂದೆ ಬಿಡುಗಡೆಯಾಗಿ ಎಡಿನ್‌ಬರ್ಗಿಗೆ ಬಂದ ಎಡ್ಮನ್‌ಸ್ಟನ್, ಅಲ್ಲಿ ಮೆಡಿಕಲ್ ಓದುತ್ತಿದ್ದ ಒಬ್ಬ ಹುಡುಗನಿಗೆ ಅದೇ ವಿದ್ಯೆ ಕಲಿಸಿದ. ಆ ಹುಡುಗನ ಹೆಸರು ಚಾರ್ಲ್ಸ್ ಡಾರ್ವಿನ್ :) ಇರಲಿ, ಅದು ಬೇರೆಯೇ ಕಥೆ.

ಊರಿಗೆ ಮರಳಿದ ವಾಟರ್ಟನ್ ಮಾಡಿದ ಕೆಲಸ ಅಕ್ಕಪಕ್ಕದ ಜಮೀನ್ದಾರರಿಗೆ ಹುಚ್ಚುತನ ಅನ್ನಿಸಿತ್ತು. ಆಗ ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಶಿಕಾರಿಯೇ ದೊಡ್ಡಸ್ತಿಕೆ. ಶಿಕಾರಿಗೆಂದು ಸಾಕಿದ ಹಕ್ಕಿಗಳಿಗೆ ತೊಂದರೆ ಅಂತ ಗಿಡುಗ, ಗೂಬೆ, ಮ್ಯಾಗ್‌ಪೈ ಎಲ್ಲವನ್ನೂ ಕಾವಲುಗಾರರು ಕಂಡಲ್ಲಿ ಕೊಲ್ಲುತ್ತಿದ್ದರು. ವಾಟರ್ಟನ್ ತನ್ನ ಜಾಗದಲ್ಲಿ ಬಂದೂಕನ್ನೇ ನಿಷೇಧಿಸಿದ. 1821ರಲ್ಲಿ ಶುರು ಮಾಡಿ 1826ರ ಹೊತ್ತಿಗೆ ಸುಮಾರು 260 ಎಕರೆ ಜಾಗದ ಸುತ್ತ ಮೂರು ಮೈಲಿ ಉದ್ದದ ಕಲ್ಲಿನ ಗೋಡೆ ಕಟ್ಟಿಸಿ ಮುಗಿಸಿದ. ಕೆಲವು ಕಡೆ ಅದರ ಎತ್ತರ 16 ಅಡಿ. ಆಗಿನ ಕಾಲಕ್ಕೆ ಸುಮಾರು 9 ಸಾವಿರ ಪೌಂಡ್ ಖರ್ಚು. ದುಡ್ಡು ಎಲ್ಲಿಂದ ಬಂತು ಅಂದರೆ, ತಾನು ಕುಡಿಯದೇ ಬಿಟ್ಟ ವೈನಿನಿಂದ ಉಳಿಸಿದ್ದು ಅನ್ನುತ್ತಿದ್ದನಂತೆ!

ಗೋಡೆಯೊಳಗೆ ಅವನು ಮಾಡಿದ್ದನ್ನು ನೋಡಿ. ಒಣಗಿದ, ಟೊಳ್ಳಾದ ಮರಗಳನ್ನು ಕಡಿಸಲಿಲ್ಲ, ಹಕ್ಕಿಗಳಿಗೆ ಪೊಟರೆ ಬೇಕು ಅಂತ. ಐವಿ ಬಳ್ಳಿ ಬೇಕಾದಲ್ಲಿ ಹಬ್ಬಲು ಬಿಟ್ಟ. ಮಣ್ಣಿನ ದಿಬ್ಬದಲ್ಲಿ ಬಿಲ ಕೊರೆದು ಗೂಡು ಮಾಡುವ ಸ್ಯಾಂಡ್ ಮಾರ್ಟಿನ್ ಹಕ್ಕಿಗಳಿಗಾಗಿ ಗೋಡೆಯಲ್ಲಿ ತೂತುಗಳನ್ನು ಮಾಡಿಸಿದ. ಚಳಿಗಾಲದಲ್ಲಿ ನೀರುಹಕ್ಕಿಗಳಿಗೆ ಗಾಬರಿಯಾಗದಂತೆ ಕೆರೆಗೆ ದೋಣಿ ಇಳಿಸುವುದು ಬಂದ್. ಅಲ್ಲಿ 120ಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಗುರುತಿಸಿದ್ದ.

ಗೂಬೆಯ ಪ್ರಸಂಗ ನಮಗೆ ತೀರಾ ಹತ್ತಿರದ್ದು. ಬಾರ್ನ್ ಔಲ್ ಅನ್ನುವ ಬಿಳಿ ಮುಖದ ಗೂಬೆ ಕೂಗಿದರೆ ಅಪಶಕುನ ಅಂತ ಆ ಮನೆಯ ಮುದುಕಿ, ಹಳೇ ಹೌಸ್‌ಕೀಪರ್, ಹೆದರುತ್ತಿದ್ದಳು. ಹಾಗಾಗಿ ವಾಲ್ಟನ್ ಹಾಲಿನಲ್ಲಿ ಗೂಬೆಗಳಿಗೆ ಉಳಿಗಾಲ ಇರಲಿಲ್ಲ. ನಮ್ಮಜ್ಜಿಯಂದಿರೂ ಯಾರ್ಕ್‌ಶೈರಿನ ಅಜ್ಜಿಯೂ ಇದೊಂದರಲ್ಲಿ ಒಂದೇ ಪಾರ್ಟಿ! 1813ರಲ್ಲಿ ವಾಟರ್ಟನ್ ಪಾಳುಬಿದ್ದ ಹಳೇ ಹೆಬ್ಬಾಗಿಲ ಮೇಲೆ ನಾಲ್ಕಡಿ ಚೌಕದ ಒಂದು ಕಲ್ಲಿನ ಗೂಡು ಕಟ್ಟಿಸಿ, ಕೂರಲು ಒಂದು ಓಕ್ ಕೋಲು ಇಡಿಸಿದ. ತಿಂಗಳೊಳಗೆ ಒಂದು ಜೋಡಿ ಗೂಬೆ ಬಂದು ನೆಲೆಸಿತು. ಅವು ಉಗುಳಿದ ಉಂಡೆಗಳನ್ನು ಈತ ಬಿಡಿಸಿ ನೋಡಿದ. ಒಂದೊಂದರಲ್ಲೂ ನಾಲ್ಕರಿಂದ ಏಳು ಇಲಿಗಳ ಎಲುಬು! ಗೂಬೆ ಪಾರಿವಾಳ ತಿನ್ನುತ್ತೆ ಅನ್ನುತ್ತಿದ್ದವರಿಗೆ ಈ ಲೆಕ್ಕವನ್ನೇ ಉತ್ತರವಾಗಿ ಕೊಟ್ಟ.

ಹಾಗಂತ ಈತ ಎಲ್ಲ ಜೀವಿಗಳ ಗೆಳೆಯನೇನೂ ಅಲ್ಲ. ನರಿ, ಬ್ಯಾಡ್ಜರ್‌ಗಳನ್ನು ಗೋಡೆಯಾಚೆ ಇಟ್ಟ. ಕಂದು ಇಲಿಯನ್ನು ಕಂಡರಂತೂ ಕೆಂಡ. ಪ್ರಾಟೆಸ್ಟೆಂಟ್ ಹ್ಯಾನೋವರ್ ರಾಜವಂಶದ ಹಡಗಿನಲ್ಲೇ ಅದು ಇಂಗ್ಲೆಂಡಿಗೆ ಬಂದಿದ್ದು ಅನ್ನುವುದು ಈ ಕ್ಯಾಥೊಲಿಕನ ನಂಬಿಕೆ. ರಾಜಕೀಯ ಇಲಿಯವರೆಗೂ ಹೋಗುತ್ತದೆ ನೋಡಿ. ಮನೆ, ಕೊಟ್ಟಿಗೆಗಳ ಬಿಲ ಮುಚ್ಚಿಸಿ ಅವುಗಳನ್ನು ನಿರ್ನಾಮ ಮಾಡಲು ಪಣ ತೊಟ್ಟಿದ್ದ. ಅಂದರೆ ಗೋಡೆಯೊಳಗಿನ ಕಾಡಿಗೂ ಒಬ್ಬ ಯಜಮಾನ ಇದ್ದ, ಯಾರು ಒಳಗೆ ಯಾರು ಹೊರಗೆ ಅಂತ ಅವನೇ ಹೇಳುತ್ತಿದ್ದ.

ಪಕ್ಕದಲ್ಲೇ ಒಂದು ಸೋಪು ಕಾರ್ಖಾನೆ ಬಂತು. ಅದರ ಹೊಗೆಗೆ ಮರ ಒಣಗಿದವು, ನೀರು ಕೆಟ್ಟಿತು. ವಾಟರ್ಟನ್ ವರ್ಷಗಟ್ಟಲೆ ಕೋರ್ಟು ಅಲೆದ, ಕೊನೆಗೂ ಕಾರ್ಖಾನೆ ಜಾಗ ಬದಲಿಸಬೇಕಾಯಿತು. 1865ರಲ್ಲಿ ಆತ ಸತ್ತ. ಮಗ ಎಡ್ಮಂಡ್‌ಗೆ ಇದರಲ್ಲಿ ಆಸಕ್ತಿ ಇರಲಿಲ್ಲ, ಸಾಲ ಬೇರೆ. ಮರ ಕಡಿಸಿದ, ಶಿಕಾರಿಯವರನ್ನು ಒಳಗೆ ಬಿಟ್ಟ. 1877ರಲ್ಲಿ ಇಡೀ ಎಸ್ಟೇಟನ್ನು ಮಾರಿಯೂ ಬಿಟ್ಟ. ಕೊಂಡವರು ಯಾರು ಗೊತ್ತೇ? ಅದೇ ಸೋಪು ಕಾರ್ಖಾನೆಯ ಸಿಂಪ್ಸನ್ ಕುಟುಂಬ! ಸಿನಿಮಾದಲ್ಲಿ ತೋರಿಸಿದರೆ ಜಾಸ್ತಿಯಾಯಿತು ಅನ್ನುತ್ತಿದ್ದೆವು. ಈಗ ಆ ಬಂಗಲೆ ಹೋಟೆಲ್, ಸುತ್ತ ಗಾಲ್ಫ್ ಮೈದಾನ.

ಇದನ್ನು ಓದುವಾಗ ನನಗೆ ಕರಾವಳಿಯ ನಾಗಬನಗಳು ನೆನಪಾದವು. ಮನೆಯ ತೋಟದ ಮೂಲೆಯಲ್ಲಿ ಒಂದಿಷ್ಟು ಜಾಗ, ಅಲ್ಲಿ ಮರ, ಬಳ್ಳಿ, ಹುತ್ತ, ಒಂದೆರಡು ನಾಗನ ಕಲ್ಲು. ಅಲ್ಲಿಂದ ಒಂದು ಕಡ್ಡಿ ಮುರಿಯಲೂ ಜನ ಹೆದರುತ್ತಿದ್ದರು. ಹಾವಿಗೆಂದು ಬಿಟ್ಟ ಜಾಗದಲ್ಲಿ ಹಕ್ಕಿ, ಬಾವಲಿ, ಚಿಟ್ಟೆ ಎಲ್ಲವೂ ಉಳಿದವು. ವಾಟರ್ಟನ್‌ನ ಕಲ್ಲಿನ ಗೋಡೆ ಒಂದು ತಲೆಮಾರಿನ ಆಚೆಗೆ ಕೆಲಸ ಮಾಡಲಿಲ್ಲ, ಇಲ್ಲಿ ಗೋಡೆಯೇ ಇಲ್ಲದ ಬನ ಎಷ್ಟೋ ತಲೆಮಾರು ದಾಟಿತು. ಆದರೆ ಅದೂ ಶಾಶ್ವತ ಅಲ್ಲ. "ಜೀರ್ಣೋದ್ಧಾರ"ದ ಹೆಸರಲ್ಲಿ ಮರ ತೆಗೆದು ಸಿಮೆಂಟಿನ ಕಟ್ಟೆ ಕಟ್ಟಿ ಟೈಲ್ಸ್ ಹಾಕಿದ ನಾಗಬನಗಳು ಈಗ ದಕ್ಷಿಣ ಕನ್ನಡ, ಉಡುಪಿಯಲ್ಲಿ ಬೇಕಾದಷ್ಟು. ಭಕ್ತಿ ಕಡಿಮೆಯಾಗಿಲ್ಲ, ಬನ ಮಾತ್ರ ಹೋಗಿದೆ.

ಮತ್ತೆ ಇಂಗ್ಲೆಂಡಿಗೆ ಬರೋಣ. ವಾಟರ್ಟನ್‌ನ ಗೋಡೆ ಮುಗಿದ ನಾಲ್ಕೇ ವರ್ಷಕ್ಕೆ, ಅಂದರೆ 1830ರಲ್ಲಿ, ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಹತ್ತಿರ ಎಡ್ವಿನ್ ಬಡ್ಡಿಂಗ್ ಅನ್ನುವ ಮೆಕ್ಯಾನಿಕ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆಯ ಬಟ್ಟೆಯ ಮೇಲಿನ ಜುಂಗು ಸವರುವ ಮಿಲ್ ಯಂತ್ರವನ್ನು ನೋಡಿ, ಅದೇ ತಿರುಗುವ ಅಲಗನ್ನು ನೆಲಕ್ಕಿಳಿಸಿದ. ಎಂಜಿನಿಯರ್ ಆದವನಿಗೆ ಇಂಥ ಐಡಿಯಾ ಕಂಡರೆ ಹೊಟ್ಟೆಕಿಚ್ಚೇ! ಅಲ್ಲಿಯವರೆಗೆ ನುಣುಪಾದ ಲಾನ್ ಬೇಕೆಂದರೆ ಉದ್ದ ಕುಡುಗೋಲಿನಲ್ಲಿ ಸವರುವ ಆಳುಗಳ ದಂಡೇ ಬೇಕಿತ್ತು, ಇಲ್ಲವೇ ಕುರಿಮಂದೆ. ಯಂತ್ರ ಬಂದಮೇಲೆ ನಿಧಾನವಾಗಿ ಮಧ್ಯಮವರ್ಗದ ಮನೆಯ ಮುಂದೂ ಲಾನ್ ಬಂತು.

ಈ ಅಚ್ಚುಕಟ್ಟಿನ ವಿರುದ್ಧ 1870ರಲ್ಲಿ ವಿಲಿಯಂ ರಾಬಿನ್ಸನ್ ಅನ್ನುವ ಐರಿಷ್ ತೋಟಗಾರ 'ದಿ ವೈಲ್ಡ್ ಗಾರ್ಡನ್' ಅಂತ ಪುಸ್ತಕ ಬರೆದ. ಹೆಸರು ಕೇಳಿ ಮೋಸಹೋಗಬೇಡಿ. ಅವನ ಚಿಂತೆ ಹಕ್ಕಿ-ಹುಳುಗಳದ್ದಲ್ಲ, ಚೆಲುವಿನದ್ದು. ಹೊರದೇಶದ ಗಟ್ಟಿಮುಟ್ಟು ಗಿಡಗಳನ್ನು ತಂದು ತಾವೇ ಬೆಳೆದುಕೊಳ್ಳಲು ಬಿಡಿ ಅಂದ. ಅವನು ಹೊಗಳಿದ ಗಿಡಗಳಲ್ಲಿ ಜಪಾನಿನ ನಾಟ್‌ವೀಡ್ ಕೂಡ ಒಂದು, ಇವತ್ತು ಬ್ರಿಟನ್ನಿನಲ್ಲಿ ಮನೆ ಮಾರಾಟವನ್ನೇ ನಿಲ್ಲಿಸಬಲ್ಲ ಕಳೆ. ನಮ್ಮ ಲಂಟಾನವೂ 1800ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆ ಅಂತಲೇ ಬಂದಿದ್ದು. ಈಗ ಬಂಡೀಪುರದಲ್ಲಿ ಅದರ ಅವತಾರ ನೋಡಿದವರಿಗೆ ಹೇಳಬೇಕಿಲ್ಲ.

ಅಲ್ಲಿಂದ ಒಂದು ಶತಮಾನ ಮುಂದೆ ಬಂದರೆ ಮಿರಿಯಂ ರಾಥ್‌ಸ್ಚೈಲ್ಡ್. ಈಕೆಯ ಅಪ್ಪ ಚಾರ್ಲ್ಸ್ ಕಸುಬಿನಲ್ಲಿ ಬ್ಯಾಂಕರ್, ಮನಸ್ಸಿನಲ್ಲಿ ಚಿಗಟ ತಜ್ಞ. ಪ್ಲೇಗ್ ಹರಡುವ ಇಲಿಚಿಗಟವನ್ನು 1903ರಲ್ಲಿ ವಿವರಿಸಿ ಹೆಸರಿಟ್ಟಿದ್ದು ಈತನೇ. 1898ರಲ್ಲಿ ಬೆಂಗಳೂರನ್ನು ಅಲ್ಲಾಡಿಸಿದ ರೋಗ ಅದೇ ಪ್ಲೇಗ್. ನಿಸರ್ಗದ ತಾಣಗಳನ್ನು ಕಾಪಾಡಲು 1912ರಲ್ಲಿ ಒಂದು ಸಂಘ ಕಟ್ಟಿ, ಉಳಿಸಲೇಬೇಕಾದ 284 ಜಾಗಗಳ ಪಟ್ಟಿಯನ್ನೂ ಮಾಡಿದ್ದ.

ಮಗಳು ಮಿರಿಯಂ ಹುಟ್ಟಿದ್ದು 1908ರಲ್ಲಿ. ಶಾಲೆಗೆ ಹೋಗದೆ ಕಲಿತು ಚಿಗಟಗಳ ದೊಡ್ಡ ವಿಜ್ಞಾನಿಯಾದಳು, ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ದುಡಿದಳು, 1985ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದಳು. ಆಕೆಯ ಕಣ್ಣೆದುರೇ ಇಂಗ್ಲೆಂಡಿನ ಹೂಗಾವಲುಗಳು ಮಾಯವಾಗಿದ್ದವು. ಯುದ್ಧಕಾಲದಲ್ಲಿ ಅನ್ನಕ್ಕಾಗಿ ಹುಲ್ಲುಗಾವಲು ಉತ್ತರು, ಆಮೇಲೆ ರಾಸಾಯನಿಕ ಗೊಬ್ಬರ, ಕಳೆನಾಶಕ ಬಂತು. 1930ರ ದಶಕದಲ್ಲಿ ಇದ್ದ ಹೂಗಾವಲುಗಳಲ್ಲಿ ಶೇಕಡ 97ರಷ್ಟು 1984ರ ಹೊತ್ತಿಗೆ ಇರಲಿಲ್ಲ. ನೂರಕ್ಕೆ ತೊಂಬತ್ತೇಳು!

ಮಿರಿಯಂ ನಾರ್ತಾಂಪ್ಟನ್‌ಶೈರಿನ ತನ್ನ ಆಶ್ಟನ್ ವೋಲ್ಡ್ ಮನೆಯ ಸುತ್ತ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದಳು. ಮನೆಯ ಗೋಡೆ ಕಾಣದಷ್ಟು ಬಳ್ಳಿ ಹಬ್ಬಿತು. ಆದರೆ ಬರೀ ನಿಲ್ಲಿಸಿದರೆ ಹೂ ಬರುವುದಿಲ್ಲ, ಬೀಜವೇ ಮಣ್ಣಿನಲ್ಲಿ ಉಳಿದಿಲ್ಲವಲ್ಲ. ಹತ್ತಿರದಲ್ಲಿ ಯುದ್ಧಕಾಲದ ಒಂದು ಪಾಳು ಏರ್‌ಫೀಲ್ಡ್ ಇತ್ತು, ಯಾರೂ ಉಳದ, ಗೊಬ್ಬರ ಹಾಕದ ನೆಲ. ಅಲ್ಲಿಂದ ಕಾಡುಹೂಗಳ ಬೀಜ ಆರಿಸಿ ತಂದು ಬೆಳೆಸಿದಳು. ಗೋಧಿಹೊಲದ ಕಳೆಗಳಾದ ಪಾಪಿ, ಕಾರ್ನ್‌ಫ್ಲವರ್, ಕಾರ್ನ್‌ಕಾಕಲ್‌ಗಳ ಬೀಜ ಬೆರೆಸಿ 'ರೈತನ ದುಃಸ್ವಪ್ನ' ಅಂತ ಹೆಸರಿಟ್ಟು ಮಾರಿದಳು! 80ರ ದಶಕದಲ್ಲಿ, ಆಗ ಯುವರಾಜನಾಗಿದ್ದ ಚಾರ್ಲ್ಸ್‌ನ ಹೈಗ್ರೋವ್ ಮನೆಯ ಹೂಗಾವಲಿಗೂ ಈಕೆಯದೇ ಸಲಹೆ, ಬೀಜ.

ಹೂಗಾವಲಿನ ಗುಟ್ಟು ನಮ್ಮ ಅಂದಾಜಿಗೆ ಪೂರ್ತಿ ತದ್ವಿರುದ್ಧ. ಮಣ್ಣು ಫಲವತ್ತಾಗಿದ್ದಷ್ಟೂ ಕೆಡುಕು, ಯಾಕಂದರೆ ಗೊಬ್ಬರ ಸಿಕ್ಕರೆ ಒರಟು ಹುಲ್ಲು ದಟ್ಟವಾಗಿ ಬೆಳೆದು ಹೂಗಿಡಗಳನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಹೂ ಬಿಟ್ಟು ಬೀಜ ಉದುರಿದ ಮೇಲೆ, ಬೇಸಿಗೆಯ ಕೊನೆಗೆ ಒಮ್ಮೆ ಹುಲ್ಲು ಕೊಯ್ಯಬೇಕು, ಕೊಯ್ದದ್ದನ್ನು ಅಲ್ಲೇ ಕೊಳೆಯಲು ಬಿಡದೆ ಹೊರಗೆ ಸಾಗಿಸಬೇಕು. ಹೀಗೆ ವರ್ಷವರ್ಷ ಮಣ್ಣನ್ನು ಬಡವಾಗಿಸುತ್ತಾ ಹೋಗಬೇಕು. ಯೆಲ್ಲೋ ರ್‍ಯಾಟಲ್ ಅನ್ನುವ ಹಳದಿ ಹೂವಿನ ಗಿಡವನ್ನೂ ಬಿತ್ತುತ್ತಾರೆ. ಅದು ಹುಲ್ಲಿನ ಬೇರಿಗೇ ಬಾಯಿಟ್ಟು ಸಾರ ಹೀರುವ ಗಿಡ, ಹುಲ್ಲು ಸೊರಗಿದಲ್ಲಿ ಉಳಿದ ಹೂಗಳಿಗೆ ಜಾಗ. ಏನೂ ಮಾಡದೆ ಬಿಟ್ಟರೆ? ಕೆಲವೇ ವರ್ಷಕ್ಕೆ ಮುಳ್ಳುಪೊದೆ, ಆಮೇಲೆ ಮರ. ಅದೂ ಒಳ್ಳೆಯದೇ, ಆದರೆ ಅದು ಹೂಗಾವಲಲ್ಲ.

ಇವರಿಬ್ಬರಿಗೂ ಎಸ್ಟೇಟ್ ಇತ್ತು, ಸಾಮಾನ್ಯರ ಹಿತ್ತಲಿನ ಕಥೆ ಏನು? ಅದಕ್ಕೆ ಉತ್ತರ ಜೆನಿಫರ್ ಓವನ್. ಆಫ್ರಿಕಾದಲ್ಲಿ ಕೆಲಸ ಮಾಡಿ ಬಂದ ಪ್ರಾಣಿಶಾಸ್ತ್ರಜ್ಞೆ. ಲೆಸ್ಟರ್ ನಗರದ ಮೂಲೆಮನೆ, 741 ಚದರ ಮೀಟರ್ ಜಾಗ. ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ ಆರೂವರೆ 30x40 ಸೈಟು. 1972ರಿಂದ 30 ವರ್ಷ ಆ ಜಾಗದಲ್ಲಿ ಕಂಡ ಜೀವಿಗಳನ್ನೆಲ್ಲಾ ಹಿಡಿದು, ಗುರುತಿಸಿ, ಲೆಕ್ಕ ಇಟ್ಟಳು. 2010ರಲ್ಲಿ ಪುಸ್ತಕ ಬಂದಾಗ ಒಟ್ಟು 2,673 ಪ್ರಭೇದ! ಅದರಲ್ಲಿ ಕೀಟಗಳೇ 1,997. ಹೋವರ್‌ಫ್ಲೈ ಅನ್ನುವ, ಜೇನಿನ ವೇಷ ಹಾಕಿದ ನೊಣಗಳೇ 94 ಬಗೆ. ಬ್ರಿಟನ್ನಿನಲ್ಲಿ ಅದುವರೆಗೆ ಕಂಡಿರದ 20 ಕೀಟಗಳು, ವಿಜ್ಞಾನಕ್ಕೇ ಹೊಸದಾದ ನಾಲ್ಕು ಕಣಜಗಳು.

ಗಮನಿಸಬೇಕಾದ್ದು, ಅದು ಪಾಳುಬಿಟ್ಟ ತೋಟ ಅಲ್ಲ. ಹೂವು, ತರಕಾರಿ, ಹಣ್ಣು, ಲಾನ್ ಎಲ್ಲಾ ಇತ್ತು. ವಿಷ ಹೊಡೆಯುತ್ತಿರಲಿಲ್ಲ, ಅತಿ ಅಚ್ಚುಕಟ್ಟು ಮಾಡುತ್ತಿರಲಿಲ್ಲ, ಅಷ್ಟೇ. ಹಾಗಾಗಿ 2023ರಲ್ಲಿ ಟಿವಿಯ ಖ್ಯಾತ ತೋಟಗಾರ ಅಲನ್ ಟಿಚ್‌ಮಾರ್ಷ್, ಮನೆತೋಟಗಳನ್ನು ಕಾಡಾಗಿಸುವುದರಿಂದ ಜೀವವೈವಿಧ್ಯಕ್ಕೇ ನಷ್ಟ ಅಂತ ಹೌಸ್ ಆಫ್ ಲಾರ್ಡ್ಸ್ ಸಮಿತಿಯ ಮುಂದೆ ವಾದಿಸಿದಾಗ ಅದನ್ನು ತಳ್ಳಿಹಾಕುವುದು ಅಷ್ಟು ಸುಲಭ ಇರಲಿಲ್ಲ. ನನಗನ್ನಿಸುವುದು, ಇಡೀ ತೋಟ ಬಿಡಬೇಕೇ ಬೇಡವೇ ಅನ್ನುವ ಜಗಳವೇ ತಪ್ಪು ಜಾಗದಲ್ಲಿದೆ. ಒಂದು ಮೂಲೆ ಬಿಟ್ಟರೆ ಯಾವ ಜೀವಿ ಬರುತ್ತೆ ಅನ್ನುವುದನ್ನು ಕೂತು ಎಣಿಸಬೇಕು.

ಶೆಫೀಲ್ಡ್ ವಿಶ್ವವಿದ್ಯಾಲಯದವರು ಅದನ್ನೇ ಮಾಡಿದರು. 1999ರಿಂದ 2002ರವರೆಗೆ ನಡೆದ ಅವರ ಅಧ್ಯಯನದಲ್ಲಿ ಆ ನಗರದ 61 ತೋಟಗಳನ್ನು ಅಳೆದರು, ಜನಪ್ರಿಯ ಸಲಹೆಗಳನ್ನು ಪರೀಕ್ಷೆಗೂ ಇಟ್ಟರು. ಚಿಟ್ಟೆಗಳು ಮೊಟ್ಟೆ ಇಡುತ್ತವೆ, ಹಿತ್ತಲಲ್ಲಿ ತುರಿಕೆ ಗಿಡ ಬಿಡಿ ಅಂತ ಅಲ್ಲಿನ ತೋಟಗಾರಿಕೆ ಪುಸ್ತಕಗಳು ತುಂಬಾ ಕಾಲದಿಂದ ಹೇಳುತ್ತಾ ಬಂದಿದ್ದವು. ತುರಿಕೆ ಗಿಡ ಬೆಳೆಸಿದರು, ಆ ಚಿಟ್ಟೆಗಳ ಹುಳುಗಳು ಬರಲಿಲ್ಲ. ದುಂಬಿಗಳಿಗೆಂದು ಇಟ್ಟ ಗೂಡುಗಳೂ ಖಾಲಿ. ಆದರೆ ಒಂಟಿ ಜೇನುಗಳಿಗೆ ಇಟ್ಟ ಕೊಳವೆಗಳು ಮಾತ್ರ ತುಂಬಿಕೊಂಡವು, ಪುಟ್ಟ ಪುಟ್ಟ ನೀರಿನ ತೊಟ್ಟಿಗಳಿಗೂ ಜೀವಿಗಳು ತಾವಾಗಿಯೇ ಬಂದು ಸೇರಿದವು.