ಟೂಲ್ ಆರಿಸೋಕೆ ಮುಂಚೆ ಒಂಚೂರು ಇತಿಹಾಸ

ಕಳೆದ ತಿಂಗಳು ನಮ್ಮ ಟೀಮಿಗೊಂದು ಆನ್‌ಲೈನ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಆರಿಸುವ ಕೆಲಸ ನನ್ನ ತಲೆಗೆ ಬಿತ್ತು. ಒಂಬತ್ತು ಜನರ ಟೀಮು, ಅರ್ಧ ಜನ ಬೆಂಗಳೂರಲ್ಲಿ, ಉಳಿದವರು ಅವರವರ ಊರಲ್ಲಿ. ಐದು ಟ್ರಯಲ್ ಅಕೌಂಟ್ ತೆರೆದೆ. ಹೋಲಿಸಿ ನೋಡೋಕೆ ಇಪ್ಪತ್ತಮೂರು ಕಾಲಮ್ಮಿನ ಎಕ್ಸೆಲ್ ಶೀಟ್ ಮಾಡಿದೆ (ಟೂಲ್ ಆರಿಸುವ ಪ್ರಾಜೆಕ್ಟನ್ನೇ ಎಕ್ಸೆಲ್‌ನಲ್ಲಿ ನಡೆಸಿದ್ದು ನೋಡಿ ಎಲ್ಲರೂ ನಕ್ಕರು :)). ಎರಡು ವಾರವಾದರೂ ತೀರ್ಮಾನ ಇಲ್ಲ. ಹಬ್ಬಕ್ಕೆ ಊರಿಗೆ, ಅಂದರೆ ಕುರುಗೋಡಿಗೆ ಹೋದಾಗಲೂ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಅಪ್ಪ ಬಂದು ಪರದೆ ಮೇಲಿನ ಬಣ್ಣದ ಪಟ್ಟಿಗಳನ್ನ ನೋಡಿ ಕೇಳಿದರು: "ಕಾಲುವಿಗೆ ನೀರು ಯಾವಾಗ ಬಿಡ್ತಾರಂತ ಅದ್ರಾಗ ಬರ್ತೈತೇನು?"

ನಮ್ಮ ಕಡೆಯದು ತುಂಗಭದ್ರಾ ಎಲ್‌ಎಲ್‌ಸಿ ಕಾಲುವೆಯ ಅಚ್ಚುಕಟ್ಟು. ನೀರಾವರಿ ಸಲಹಾ ಸಮಿತಿ ಸಭೆ ಸೇರಿ ತಾರೀಖು ಹೇಳುವವರೆಗೆ ಭತ್ತದ ಮಾತೇ ಇಲ್ಲ. ಅಪ್ಪನಿಗೆ ಬೇಕಾಗಿದ್ದು ಒಂದೇ ಉತ್ತರ. ನನ್ನ ಶೀಟಿನಲ್ಲಿ ಇಪ್ಪತ್ತಮೂರು ಉತ್ತರ ಇದ್ದವು, ಪ್ರಶ್ನೆ ಮಾತ್ರ ಇರಲಿಲ್ಲ.

ಅಂದು ರಾತ್ರಿ ಸುಮ್ಮನೆ ಈ ಟೂಲುಗಳ ಜಾತಕ ಹುಡುಕುತ್ತಾ ಹೋದೆ. ಆ ಬಣ್ಣದ ಪಟ್ಟಿಗೆ ನಾವು ಗ್ಯಾಂಟ್ ಚಾರ್ಟ್ ಅಂತೀವಲ್ಲ, ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಅದನ್ನ ಬಳಕೆಗೆ ತಂದದ್ದು. ಅದಕ್ಕೂ ಮುಂಚೆ 1896ರಲ್ಲೇ ಪೋಲೆಂಡಿನ ಕರೋಲ್ ಅದಾಮಿಯೆಟ್ಸ್ಕಿ ಇಂಥದ್ದೊಂದನ್ನ ಮಾಡಿದ್ದ, ಹೆಸರು ಮಾತ್ರ ಗ್ಯಾಂಟ್‌ಗೆ ಹೋಯಿತು. ಅದು ಕಾರ್ಖಾನೆಯ ಪ್ರಶ್ನೆ: ಯಾವ ಕೆಲಸ ಯಾವಾಗ? 1957ರಲ್ಲಿ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಕ್ರಿಟಿಕಲ್ ಪಾತ್ ವಿಧಾನ ಕಂಡುಹಿಡಿದರು. ಅವರ ಪ್ರಶ್ನೆ ಬೇರೆ: ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತೆ? ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗೆ ಪರ್ಟ್ ತಂದಿತು. ಎಷ್ಟು ದಿನ ಹಿಡಿಯುತ್ತೋ ಯಾರಿಗೂ ಗೊತ್ತಿಲ್ಲದ ಕೆಲಸಗಳನ್ನ ಅಂದಾಜು ಮಾಡೋದು ಹೇಗೆ ಅನ್ನೋದು ಅದರ ತಲೆನೋವು. 1984ರಲ್ಲಿ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಇದನ್ನೆಲ್ಲ ಮ್ಯಾನೇಜರ್ ಮೇಜಿನ ಮೇಲೆ ತಂದಿಟ್ಟಿತು. 2002ರ ಜಿರಾ ಹುಟ್ಟಿದ್ದು ಬಗ್ ಲೆಕ್ಕ ಇಡೋಕೆ. 2004ರ ಬೇಸ್‌ಕ್ಯಾಂಪ್ ಒಂದು ವೆಬ್ ಡಿಸೈನ್ ಕಂಪನಿ ತನ್ನದೇ ಗಿರಾಕಿಗಳ ಜೊತೆಗಿನ ಮಾತುಕತೆ ಒಂದು ಕಡೆ ಇರಲಿ ಅಂತ ಮಾಡಿಕೊಂಡದ್ದು. 2011ರ ಟ್ರೆಲ್ಲೋ ಕಾರ್ಡುಗಳ ಹಿಂದೆ ಟೊಯೋಟಾದ ಕಾನ್‌ಬಾನ್ ಇದೆ.

ಒಂದೊಂದೂ ಯಾರದೋ ಮನೆಯ ತಲೆನೋವಿಗೆ ಮಾಡಿದ ಕಷಾಯ. ನಾವು ಕಾಯಿಲೆ ಯಾವುದು ಅಂತ ನೋಡದೆ ಕಷಾಯದ ಬಣ್ಣ ಹೋಲಿಸ್ತಾ ಕೂತಿದ್ದೇವೆ!

ಆಗ ನೆನಪಾದದ್ದು ನಮ್ಮ ಅಣೆಕಟ್ಟು. 1945ರ ಫೆಬ್ರವರಿ 28ರಂದು ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯ ನದಿಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಹಾಕಿದವು. ಎರಡು ಸರ್ಕಾರ, ಎರಡು ಖಜಾನೆ, ಎರಡು ಇಂಜಿನಿಯರ್ ತಂಡ, ಒಂದೇ ಗೋಡೆ. ಎಡಭಾಗ ಅವರದು, ಬಲಭಾಗ ಇವರದು. ಕ್ರಿಟಿಕಲ್ ಪಾತ್ ಇನ್ನೂ ಹುಟ್ಟಿರಲಿಲ್ಲ, ಪರ್ಟ್ ಇರಲಿಲ್ಲ. ನಡುವೆ 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ನಮ್ಮಲ್ಲಿ ಕ್ಲೈಂಟ್ ಬದಲಾದರೆ ಒಂದು ತಿಂಗಳು ಗೋಳಾಡ್ತೀವಿ, ಅಲ್ಲಿ ಸರ್ಕಾರವೇ ಬದಲಾಯಿತು. 1953ರಲ್ಲಿ ಜಲಾಶಯದಲ್ಲಿ ನೀರು ನಿಂತಿತು.

ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕು ಮೈಸೂರಿಗೆ, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಕಾಲುವೆ ಮಾತ್ರ ಗಡಿ ಕೇಳದೆ ಎರಡೂ ಕಡೆ ಹರಿಯಬೇಕು. ಈಗ "ಯಾವ ಕೆಲಸ ಯಾವಾಗ" ಅನ್ನೋದಲ್ಲ ಪ್ರಶ್ನೆ. ತೂಬು ಎತ್ತುವ ಮಾತನ್ನ ಯಾರು ಹೇಳಬೇಕು, ಯಾರು ಕೇಳಬೇಕು? ಅದಕ್ಕೆ ಉತ್ತರವಾಗಿ 1953ರಲ್ಲೇ ತುಂಗಭದ್ರಾ ಮಂಡಳಿ ಬಂತು. ರಾಜ್ಯಗಳ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ. ಜಗಳ ನಿಂತಿದೆ ಅಂತ ನಾನು ಹೇಳ್ತಿಲ್ಲ, ಜಗಳ ಆಡೋಕೆ ಒಂದು ಜಾಗ ಆಯಿತು, ಅಷ್ಟೇ.

2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಭತ್ತ ನಾಟಿ ಮಾಡಿದ ಕಾಲ. ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ವಾಟ್ಸಾಪಿನಲ್ಲಿ ಗಂಟೆಗೊಂದು ಸುದ್ದಿ, ಒಂದಕ್ಕೊಂದು ತಾಳೆಯಿಲ್ಲ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಕೂರಿಸಿದರು, ಹರಿಯುವ ನೀರಿನಲ್ಲೇ. ಆ ವಾರ ಊರಿಗೆಲ್ಲ ಬೇಕಿದ್ದದ್ದು ಚಾರ್ಟ್ ಅಲ್ಲ. ಏನು ನಿಂತಿದೆ, ಯಾಕೆ ನಿಂತಿದೆ, ಯಾರು ಹಿಡಿದಿದ್ದಾರೆ ಅನ್ನೋ ಮೂರು ಸಾಲು.

ನಮ್ಮ ಟೀಮಿನ ಕಾಯಿಲೆಯೂ ಅದೇ. ಕೆಲಸ ನಿಂತರೆ ಯಾರೂ ಬಾಯಿ ಬಿಡೋದಿಲ್ಲ, ಡೆಮೋ ಹಿಂದಿನ ದಿನವೇ ಗೊತ್ತಾಗೋದು. ಬೆಂಗಳೂರಿಗೆ ಬಂದವನೇ ಆ ಎಕ್ಸೆಲ್ ಶೀಟ್ ಅಳಿಸಿದೆ. ಎರಡೇ ಪರೀಕ್ಷೆ ಇಟ್ಟುಕೊಂಡೆ. ಒಂದು, ನಿಂತ ಕೆಲಸ ಎಲ್ಲರಿಗೂ ಒಂದೇ ನೋಟಕ್ಕೆ ಕಾಣಬೇಕು. ಎರಡು, ನಮ್ಮ ಮಾಹಿತಿಯನ್ನೆಲ್ಲ ಬೇಕೆಂದಾಗ ಹೊರಗೆ ತೆಗೆದುಕೊಳ್ಳುವಂತಿರಬೇಕು. 2016ರಲ್ಲಿ ಗೂಗಲ್ ಕೋಡ್ ಮುಚ್ಚಿತು, 2024ರ ಫೆಬ್ರವರಿಯಲ್ಲಿ ಜಿರಾ ಸರ್ವರ್ ಆವೃತ್ತಿಗೆ ಬೆಂಬಲ ನಿಂತಿತು. ಬಾಡಿಗೆ ಮನೆ ಅಂದಮೇಲೆ ಖಾಲಿ ಮಾಡೋ ದಾರಿ ಮೊದಲೇ ನೋಡಿಕೊಳ್ಳಬೇಕಲ್ವಾ?

ಐದರಲ್ಲಿ ತೀರಾ ಸಾದಾ ಇದ್ದದ್ದನ್ನೇ ಆರಿಸಿದೆವು. ನಾಲ್ಕು ಕಾಲಮ್ಮು, ಅದರಲ್ಲೊಂದರ ಹೆಸರು "ನಿಂತಿದೆ". ಮೊದಲ ದಿನ ಅದರಲ್ಲಿ ಆರು ಕಾರ್ಡ್ ಬಂದು ಕೂತವು. ಎರಡು ನನ್ನವೇ.