ಬಣ್ಣ ಬದಲಿಸುವ ಮಗ್‌ನ ಪೂರ್ವಕಥೆ

ಮಾಲೂರು, ಶ್ರೀನಿವಾಸಪುರಗಳ ಪ್ರಯೋಗಾಲಯದಲ್ಲಿ ನನ್ನೊಡನೆ ನಿಂತವರಿಗೆ ಕೋಬಾಲ್ಟ್ ಕ್ಲೋರೈಡ್ ಕಾಗದ ನೆನಪಿರಬಹುದು: ಒದ್ದೆಯಾದರೆ ಗುಲಾಬಿ, ಒಣಗಿದರೆ ನೀಲಿ. ಫ್ರಾನ್ಸಿನ ರಸಾಯನಜ್ಞ ಜಾನ್ ಎಲೊ 1737ರಲ್ಲಿಯೇ ಕೋಬಾಲ್ಟಿನ ಗುಪ್ತಶಾಯಿಯನ್ನು ವಿವರಿಸಿದ್ದನು. ಕಾಯಿಸಿದರೆ ಬರಹ ಮೂಡುವುದು. ತಣಿದ ಮೇಲೆ ಗಾಳಿಯ ತೇವ ಹೀರಿ ಮರೆಯಾಗುವುದು. ಆ ಶಾಯಿಯಿಂದ ಬರೆದ ಚಿತ್ರಗಳಲ್ಲಿ ಬೋಳುಮರಗಳು ಬೆಂಕಿಯ ಕಾವಿಗೆ ಚಿಗುರುತ್ತಿದ್ದವಂತೆ!

ಈಗ ಮಕ್ಕಳು ಉಡುಗೊರೆ ಕೊಡುವ ಕರಿಯ ಮಗ್‌ನ ಬಣ್ಣ ಬೇರೆ ಕುಲದ್ದು. 1970ರ ದಶಕದಲ್ಲಿ ಜಪಾನಿನ ಪೈಲಟ್ ಕಂಪನಿ ಇಂಥ ಶಾಯಿಯನ್ನು ರೂಪಿಸಿತು. ಸೂಕ್ಷ್ಮ ಕೋಶಗಳೊಳಗೆ ವರ್ಣಕ, ಆಮ್ಲೀಯ ವಸ್ತು, ಮೇಣದಂಥ ದ್ರಾವಕ ಇರುತ್ತವೆ. ದ್ರಾವಕ ಕರಗಿದೊಡನೆ ಉಳಿದೆರಡೂ ಬೇರ್ಪಟ್ಟು ಕಪ್ಪು ಅಳಿದು, ಅಡಗಿದ್ದ ಭಾವಚಿತ್ರ ಕಾಣುತ್ತದೆ.

ನನ್ನ ಮನೆಗೆ ಬಂದಿರುವ ಮಗ್ ಉಗುರುಬೆಚ್ಚಗಿನ ನೀರಿಗೇ ಗುಟ್ಟು ಬಿಟ್ಟುಕೊಡುತ್ತದೆ. ಏಪ್ರಿಲ್ ತಿಂಗಳ ಕೋಲಾರದ ಮಧ್ಯಾಹ್ನವಂತೂ ಕಾಫಿಯೇ ಬೇಡ! 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳ ಸೇವನೆಯನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೊಂದು 2016ರಲ್ಲಿ ವರ್ಗೀಕರಿಸಿತು. ಹಾಗಿರುವಾಗ ಭಾವಚಿತ್ರದ ಬದಲು, ಕಾಫಿ ಆ ಮಿತಿಗಿಳಿಯುವವರೆಗೆ ಬಣ್ಣ ಮರಳದ ಒಂದು ಅಗಲವಾದ ಪಟ್ಟಿ ಸಾಕು. ಮಂದದೃಷ್ಟಿಯ ಅಜ್ಜಿಗೂ ಅದು ಕಂಡೀತು. ಹೊರಗೋಡೆ ಒಳಗಿನ ಕಾಫಿಗಿಂತ ತುಸು ತಣ್ಣಗಿರುತ್ತದೆ. ತಯಾರಕರು ಆ ಅಂತರವನ್ನೂ ಲೆಕ್ಕಕ್ಕೆ ಹಿಡಿಯಬೇಕು.